ಹೆಡ್‌ಮೇಷ್ಟ್ರ ಚಿಪ್ಪು

ಪ್ರಪಂಚದ ಸಕಲ ಸುಣ್ಣಕ್ಕೂ ನಾನು ಆಜನ್ಮ ಶತ್ರು. ನೀರು ಶುದ್ಧ ಮಾಡುವ ಯಂತ್ರ ಮಾರುವುದು ನನ್ನ ವೃತ್ತಿ. ಯಾರ ಮನೆಯ ಪಾತ್ರೆಯ ತಳದಲ್ಲಾದರೂ ಬಿಳಿ ಪದರ ಕಂಡರೆ ಸಾಕು, ಅಲ್ಲೇ ಭಾಷಣ ಬಿಗಿಯುತ್ತೇನೆ. ಅಂಥವನು ನನ್ನವಳ ಗಾಜಿನ ತೊಟ್ಟಿಯ ಬಸವನಹುಳುಗಳನ್ನು ನಲ್ಲಿ ನೀರಿನಲ್ಲಿ ಬಿಡುವುದೇ? ಛೆ! ನನ್ನ ಅಂಗಡಿಯ ಯಂತ್ರದಿಂದಲೇ ಕ್ಯಾನುಗಟ್ಟಲೆ ಪರಮಪವಿತ್ರ ನೀರು ಹೊತ್ತು ತಂದು ತುಂಬಿಸಿದೆ. (ನನಗೆ ಸೊಂಟ ಹಿಡಿದುಕೊಂಡಿತು. ಹುಳುಗಳು ಒಂದು ಥ್ಯಾಂಕ್ಸೂ ಹೇಳಲಿಲ್ಲ.)

ಕೆಲವು ವಾರಗಳಲ್ಲೇ ಅವುಗಳ ಚಿಪ್ಪು ಬಿಳಿಚಿ, ಗುಳಿ ಬಿದ್ದು, ಸವೆಯತೊಡಗಿತು. ಅವಳು ‘ಹೆಡ್‌ಮೇಷ್ಟ್ರು’ ಎಂದು ಮುದ್ದಿನಿಂದ ಕರೆಯುತ್ತಿದ್ದ ದೊಡ್ಡ ಹುಳುವಂತೂ ಮೂಲೆ ಹಿಡಿದು ಕೂತುಬಿಟ್ಟಿತು.

"ರೀ, ಹೆಡ್‌ಮೇಷ್ಟ್ರಿಗೆ ಏನಾದ್ರೂ ಆದ್ರೆ ನಾನು ಸುಮ್ನಿರಲ್ಲ!" ಅವಳ ಕಣ್ಣಲ್ಲಿ ನೀರು.

"ನಮ್ಮ ನೀರಲ್ಲಿ ಒಂದು ಕಣ ಕೊಳೆ ಇಲ್ಲ ಕಣೇ!"

"ಕೊಳೆ ಏನು, ಅದರಲ್ಲಿ ಏನೂ ಇಲ್ಲ! ಚಿಪ್ಪು ಕಟ್ಟೋಕೆ ಸುಣ್ಣ ಬೇಡ್ವಾ? ನೀವು ಬೈದು ಓಡಿಸ್ತೀರಲ್ಲ, ಅದೇ ಸುಣ್ಣ! ಪಾಪ, ಬೆನ್ನ ಮೇಲಿನ ಮನೇನೇ ಕರಗಿಸಿಬಿಟ್ರಲ್ಲ!"

ಕುಲಶತ್ರುವಿನ ಕಾಲು ಹಿಡಿಯುವ ಗತಿ ಬಂತು. ಬಕೆಟ್ಟಿನಲ್ಲಿ ಹಿಡಿದಿಟ್ಟ ನಲ್ಲಿ ನೀರನ್ನು ದಿನವೂ ಸ್ವಲ್ಪ ಸ್ವಲ್ಪ ಬೆರೆಸಿದೆ. ಮೊಟ್ಟೆಯ ಚಿಪ್ಪು ಕುದಿಸಿ, ಒಣಗಿಸಿ, ನುಣ್ಣಗೆ ಪುಡಿ ಮಾಡಿ ಹಾಕಿದೆ. ಬೆಳಗ್ಗೆ ಎದ್ದರೆ ಗಾಜಿಗೆ ಮೂಗು ಒತ್ತಿ ನೋಡುವುದೇ ಕೆಲಸ. ಹಳೆಯ ಗುಳಿಗಳು ಮುಚ್ಚಲಿಲ್ಲ, ಒಪ್ಪಿದೆ. ಆದರೆ ಒಂದು ದಿನ ಹೆಡ್‌ಮೇಷ್ಟ್ರ ಚಿಪ್ಪಿನ ಅಂಚಿಗೆ ಹೊಸ ಪಟ್ಟಿ ಮೂಡಿತ್ತು ನೋಡಿ, ಗಟ್ಟಿ, ನಯ, ಫಳಫಳ!

"ರೀ, ಗೆದ್ವಿ ಕಣ್ರೀ!" ಎಂದು ಅವಳು ನನ್ನ ಕೈ ಹಿಡಿದು ಕುಣಿದಳು. ನಾನೂ ಸೊಂಟ ಮರೆತು ಕುಣಿದೆ. ಮದುವೆಯಾದ ಮೇಲೆ ನಾವಿಬ್ಬರೂ ಒಂದೇ ವಿಷಯಕ್ಕೆ ಖುಷಿಪಟ್ಟದ್ದು ಅದೇ ಮೊದಲು.

ಅಷ್ಟಕ್ಕೆ ನಿಲ್ಲಿಸಬೇಕಿತ್ತು. ವಿಜಯೋನ್ಮಾದದಲ್ಲಿ ತೊಟ್ಟಿಯನ್ನು ಅಂಗಡಿಯ ಮುಂಭಾಗದಲ್ಲೇ ಪ್ರತಿಷ್ಠಾಪಿಸಿ, ಪಕ್ಕದಲ್ಲಿ ಅವಳನ್ನೂ ಕೂರಿಸಿದೆ. ಜನ ನೋಡಿದ್ದೇ ನೋಡಿದ್ದು! ಎಲ್ಲಕ್ಕಿಂತ ದೊಡ್ಡ ಯಂತ್ರವನ್ನು ಕೊಳ್ಳಲು ಬಂದಿದ್ದ ಹೋಟೆಲ್ ಮಾಲೀಕರು ಅದರ ಮೇಲೆ ಕೈಯಿಟ್ಟುಕೊಂಡೇ ತೊಟ್ಟಿಯತ್ತ ಬಗ್ಗಿದರು.

"ಆಹಾ, ಎಂಥ ಹೊಳಪು! ಇದೇ ಯಂತ್ರದ ನೀರು ತಾನೇ?"

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಸತ್ಯಸಂಧ ಧರ್ಮಪತ್ನಿ ಹೆಮ್ಮೆಯಿಂದ ಉಬ್ಬಿ ಹೇಳಿದಳು: "ಅಯ್ಯೋ, ಇಲ್ಲ ಸಾರ್! ಇದು ಬರೀ ನಲ್ಲಿ ನೀರು. ಇವರ ಯಂತ್ರದ ನೀರಲ್ಲಿದ್ದಾಗ ಪ್ರಾಣ ಹೋಗೋದೊಂದು ಬಾಕಿ ಇತ್ತು!"

ಮಾಲೀಕರು ಯಂತ್ರದ ಮೇಲಿನ ಕೈಯನ್ನು ಮೆಲ್ಲಗೆ ತೆಗೆದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬಾಯಾರಿಕೆ ಆಗ್ತಿದೆ. ಒಂದು ಲೋಟ ನಲ್ಲಿ ನೀರು ಸಿಗುತ್ತಾ?" ಎಂದರು.