ಅಪ್ಪನ ಕೋವಿ, ಬಿಳಿ ಬಟ್ಟೆ

ಕೋವಿ ಇರುವ ಮನೆಯಲ್ಲಿ ಗುಂಡು ಹಾರುವುದು ಅಪರೂಪ, ಪ್ರಸಂಗಗಳು ಹಾರುವುದು ದಿನನಿತ್ಯ. ಬೇಡ ಅಂದರೂ ಒಂದಾದ ಮೇಲೊಂದು ನಡೆಯುತ್ತಲೇ ಇರುತ್ತವೆ. ನಮ್ಮದು ಅಂಥ ಮನೆ.

ಕೊತ್ತಗೆರೆಯ ನಮ್ಮ ಮನೆಯಲ್ಲಿ ತಾತನ ಕಾಲದ ಒಂಟಿ ನಳಿಗೆಯ ಕೋವಿ ಇತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ಗಜ ಅನ್ನುವ ಉದ್ದನೆಯ ಕಡ್ಡಿಯಿಂದ ಜಡಿದು, ಹಿಂದುಗಡೆ ಕಿಡಿ ಹೊತ್ತಿಸುವ ಒಂದು ಕೇಪು ಕೂರಿಸಿ ಹೊಡೆಯುವಂಥದು. ಗೆಣಸಿನ ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲು ಬೆಳೆ ರಕ್ಷಣೆಯ ಲೈಸೆನ್ಸು ಕೊಟ್ಟಿದ್ದರು. ಎಪ್ಪತ್ತರ ದಶಕದಲ್ಲಿ ಅಪ್ಪನಿಗೆ ಕಣ್ಣು ಮಂಜಾದಾಗ ಲೈಸೆನ್ಸು ನನ್ನ ಹೆಸರಿಗೆ ಬಂತು. ನಾನು ಆಗ ಕುಣಿಗಲ್ಲಿನ ಒಂದು ಹೈಸ್ಕೂಲಿನಲ್ಲಿ ಲ್ಯಾಬ್ ಅಟೆಂಡರ್. ಹಗಲೆಲ್ಲ ಗಾಜಿನ ಕೊಳವೆ ತೊಳೆಯುವುದು, ಸಂಜೆ ಬಸ್ಸಿಳಿದು ಬಂದು ಕಬ್ಬಿಣದ ಕೊಳವೆ ತೊಳೆಯುವುದು.

ಕೋವಿ ಕೈಗಿಡುವಾಗ ಅಪ್ಪ ಹೇಳಿದ್ದು ಇಷ್ಟೇ. "ನೋಡ್ಲಾ, ಈ ವರ್ಸ ಬೆಳೆ ಹೋದ್ರೆ ಮುಂದಿನ್ ವರ್ಸ ಬತ್ತದೆ. ನಳಿಗೆ ಒಂದ್ಸಲ ತುಕ್ಕು ತಿಂದ್ರೆ ಮುಗೀತು. ಲೈಸೆನ್ಸ್ ಕಳ್ಕೊಂಡ್ರೆ ಕೋವಿ ಠಾಣೆ ಮೂಲೇಲಿ ಕೊಳೀತದೆ. ನಾನು ಇರೋಗಂಟ ಅದನ್ನ ನೋಡೋ ಹಂಗೆ ಮಾಡ್ಬೇಡ."

ಅಪ್ಪನದೊಂದು ಪರೀಕ್ಷೆ ಇತ್ತು. ಗಜದ ತುದಿಗೆ ಬಿಳಿ ಬಟ್ಟೆ ಸುತ್ತಿ ನಳಿಗೆಯ ತಳ ಮುಟ್ಟಿಸಿ ಎಳೆಯಬೇಕು. ಬಿಳಿಯಾಗಿ ಹೋದದ್ದು ಬಿಳಿಯಾಗೇ ಬರಬೇಕು. ಜಂಬ ಅಂದರೂ ಸರಿ, ಹೇಳಿಬಿಡುತ್ತೇನೆ: ನನ್ನ ಕೈಗೆ ಬಂದ ಮೇಲೆ ಆ ಬಟ್ಟೆ ಒಂದು ದಿನವೂ ಕಪ್ಪಾಗಿ ಬರಲಿಲ್ಲ. ಹಂದಿ ಒಂದೂ ಬೀಳಲಿಲ್ಲ, ಅದು ಬೇರೆ ವಿಷಯ.

ಬೀಗರ ಎಣ್ಣೆಸ್ನಾನ

ಮಸಿಮದ್ದಿನ ಕೋವಿಯನ್ನು ಹೊಡೆದ ದಿನವೇ ತೊಳೆಯಬೇಕು. ಅದೂ ಕುದಿಯುವ ನೀರಿನಲ್ಲಿ. ನೀರು ಕುದಿಯುತ್ತಿದ್ದರೆ ಮಸಿ ಕರಗುತ್ತದೆ, ಬಿಸಿಯಾದ ನಳಿಗೆ ತಾನಾಗಿಯೇ ಒಣಗುತ್ತದೆ. ಒಣಗಿದ ಮೇಲೆ ಗುಬ್ಬಿ ಸಂತೆಯಿಂದ ತಂದ ಕೊಬ್ಬರಿ ಎಣ್ಣೆ ಸವರಬೇಕು. ಬೇರೆ ಊರಿನ ಎಣ್ಣೆಯನ್ನು ಅಪ್ಪ ತಲೆಗೆ ಹಾಕಿಕೊಳ್ಳುತ್ತಿದ್ದರೇ ಹೊರತು ಕೋವಿಗೆ ಮುಟ್ಟಿಸುತ್ತಿರಲಿಲ್ಲ.

ನನಗೆ ಮದುವೆಯಾದ ಹೊಸದು. ಮಾವನವರು ಹಬ್ಬಕ್ಕೆ ಬಂದಿದ್ದರು. ಬೆಳಕು ಹರಿಯುವ ಹೊತ್ತಿಗೆ ನಾನು ಹೊಲದಲ್ಲಿ ಹಂದಿಗಳಿಗೆ ಎರಡು ಈಡು ಹಾರಿಸಿ ಮನೆಗೆ ಬಂದೆ. ಬಚ್ಚಲಿನ ಹಂಡೆಯಲ್ಲಿ ನೀರು ಕೊತ ಕೊತ ಅನ್ನುತ್ತಿತ್ತು. ನನಗೋಸ್ಕರವೇ ಕಾಯಿಸಿದ್ದಾಳೆ, ಎಂಥ ಹೆಂಡತಿ ಸಿಕ್ಕಿದಳಪ್ಪಾ ಅಂತ ಖುಷಿಪಟ್ಟು ಅಷ್ಟನ್ನೂ ನಳಿಗೆಗೆ ಸುರಿದೆ.

ಕೊನೆಯ ಚೊಂಬು ಸುರಿಯುವಾಗ ಹೆಂಡತಿ ಬಂದಳು. "ಅಯ್ಯೋ, ಏನ್ರೀ ಮಾಡಿದ್ರಿ? ನಮ್ಮಪ್ಪ ಮೈ ತುಂಬಾ ಎಣ್ಣೆ ಹಚ್ಕೊಂಡು ಹಿತ್ಲಲ್ಲಿ ಕೂತವ್ರೆ!"

ನಾನು ಗಾಬರಿಯಾದೆ. ಜಗಲಿಯಿಂದ ಅಪ್ಪ ಮಾತ್ರ ಶಾಂತವಾಗಿ ಹೇಳಿದರು. "ಬೀಗ್ರಿಗೆ ತಣ್ಣೀರಾದ್ರೂ ನಡೀತದೆ ಕಣವ್ವ. ನಳಿಗೆಗೆ ನಡಿಯಾಕಿಲ್ಲ."

ಹಿತ್ತಿಲಿನಿಂದ ಮಾವನವರ ದನಿ ಬಂತು. "ಆಗ್ಲಿ ಬುಡಿ ಬೀಗ್ರೆ. ಈ ಮೈಮೇಲಿನ ಎಣ್ಣೆ ಯಾಕೆ ದಂಡ ಮಾಡ್ಬೇಕು? ಅಳಿಯಂದ್ರಿಗೆ ಹೇಳಿ, ಬಳ್ಕೊಂಡು ಅದನ್ನೂ ಕೋವಿಗೇ ಹಚ್ಲಿ."

ಸಾಬರ ಮೆಚ್ಚುಗೆ

ಕೇಪು ಕೂರುವ ಮೊಳೆ ಸವೆದಿತ್ತು. ಹೊಸದು ಹಾಕಿಸಲು ತುಮಕೂರಿಗೆ ಹೋದೆ. ಅಲ್ಲಿ ಕೋವಿ ರಿಪೇರಿಯ ಹಳೆಯ ಸಾಬರೊಬ್ಬರಿದ್ದರು. ಯಾರ ಕೋವಿ ಬಂದರೂ ಮೊದಲು ಬೈದು ಆಮೇಲೆ ರಿಪೇರಿ ಮಾಡುವುದು ಅವರ ಪದ್ಧತಿ. "ಇದರಲ್ಲಿ ಇಲಿ ಸಂಸಾರ ಮಾಡ್ತಾ ಇತ್ತೇನ್ರೀ?" ಅಂತ ಒಬ್ಬ ಸಾಹುಕಾರರನ್ನೇ ಕೇಳಿದ್ದರಂತೆ.

ನನ್ನ ನಳಿಗೆಗೆ ಬಟ್ಟೆ ಹಾಕಿ ಎಳೆದರು. ಬಿಳಿಯಾಗಿ ಬಂತು. ನಂಬಿಕೆ ಬರಲಿಲ್ಲ. ಇನ್ನೊಂದು ಬಟ್ಟೆ ಹಾಕಿದರು. ಅದೂ ಬಿಳಿ. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಪಕ್ಕದ ಅಂಗಡಿಯ ಹಾಸಿಗೆ ಹೊಲಿಯುವವರನ್ನೂ ಎದುರಿನ ವಾಚ್ ರಿಪೇರಿಯವರನ್ನೂ ಕೂಗಿ ಕರೆದರು. "ಬನ್ನಿ, ನೋಡಿ. ನಲವತ್ತು ವರ್ಷದ ಸರ್ವೀಸಲ್ಲಿ ಇಂಥಾ ನಳಿಗೆ ನೋಡಿಲ್ಲ ನಾನು."

ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತುಹೋಗುವುದೊಂದು ಬಾಕಿ. ಅಷ್ಟಕ್ಕೇ ಬಂದುಬಿಟ್ಟಿದ್ದರೆ ಚೆನ್ನಾಗಿತ್ತು. ಸಾಬರು ಕೇಳಿದರು, "ಇದರಲ್ಲಿ ಎಷ್ಟು ಹಂದಿ ಹೊಡೆದಿದೀರಿ?"

"ಒಂದೂ ಇಲ್ಲ."

"ಮೊಲ?"

"ಇಲ್ಲ."

ಸಾಬರು ಕೋವಿಯನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ಒಪ್ಪಿಸಿದರು. "ಜೋಪಾನವಾಗಿ ಕರ್ಕೊಂಡು ಹೋಗಿ ಸ್ವಾಮಿ. ಇದು ಕೋವಿ ಅಲ್ಲ, ಗಂಡನ ಮನೆಗೆ ಕಳಿಸೋಕೆ ನಿಮಗೆ ಮನಸ್ಸು ಬರದ ಮಗಳು."

ಗಂಧದ ಮಹಿಮೆ

ಒಂದು ಆಯುಧಪೂಜೆಯ ದಿನ ಹೆಂಡತಿ ಕುಡುಗೋಲು, ನೇಗಿಲು, ನನ್ನ ಸೈಕಲ್ಲು ಎಲ್ಲದರ ಜೊತೆ ಕೋವಿಯನ್ನೂ ನಿಲ್ಲಿಸಿ ಭಕ್ತಿಯಿಂದ ಪೂಜೆ ಮಾಡಿದಳು. ಎಲ್ಲಿ ಉಬ್ಬು ಕಂಡಿತೋ ಅಲ್ಲೆಲ್ಲ ಗಂಧ, ಕುಂಕುಮ. ಕೇಪು ಕೂರುವ ಮೊಳೆಯೂ ಒಂದು ಉಬ್ಬೇ. ಅದರ ನೆತ್ತಿಯಲ್ಲಿ ಸೂಜಿ ಹೋಗುವಷ್ಟು ತೂತಿರುತ್ತದೆ. ಕೇಪಿನ ಕಿಡಿ ಮದ್ದಿಗೆ ಹೋಗಬೇಕಾದರೆ ಅದೊಂದೇ ದಾರಿ. ಆ ದಾರಿಗೆ ಗಂಧ ಕೂತು ಗಟ್ಟಿಯಾಯಿತು.

ಮಾರನೆಯ ದಿನ ಇನ್ನೂ ಹೊತ್ತು ಮುಳುಗಿರಲಿಲ್ಲ, ಗೆಣಸಿನ ಹೊಲಕ್ಕೆ ಒಂಟಿ ಸಲಗದಂಥ ಹಂದಿ ಬಂತು. ಅಪ್ಪನೂ ನಾನೂ ಬದುವಿನ ಮರೆಯಲ್ಲಿ ಕೂತಿದ್ದೆವು. ಗುರಿ ಇಟ್ಟು ಎಳೆದೆ. ಟಕ್. ಕೇಪು ಸಿಡಿಯಿತು, ಈಡು ಹಾರಲಿಲ್ಲ. ಇನ್ನೊಂದು ಕೇಪು ಹಾಕಿದೆ. ಟಕ್. ಮೂರನೆಯ ಟಕ್ಕಿಗೆ ಹಂದಿ ತಲೆ ಎತ್ತಿ ನಮ್ಮ ಕಡೆ ನೋಡಿತು. ಯಾರೋ ಅಡಿಕೆ ಕತ್ತರಿಸುತ್ತಿದ್ದಾರೆ ಅಂದುಕೊಂಡಿರಬೇಕು, ಮತ್ತೆ ಗೆಣಸಿಗೆ ಬಾಯಿ ಹಾಕಿತು.

ಮನೆಗೆ ಬಂದು ಮೊಳೆ ಬಿಚ್ಚಿ ನೋಡಿದಾಗ ವಿಷಯ ತಿಳಿಯಿತು. ಅಪ್ಪ ಕೆಂಡವಾದರು. "ಏನವ್ವ, ನೀನು ಪೂಜೆ ಮಾಡಿದ್ದು ಕೋವಿಗೋ ಹಂದಿಗೋ?"

ಹೆಂಡತಿ ಮೊರದಲ್ಲಿ ರಾಗಿ ಕೇರುತ್ತಲೇ ಉತ್ತರ ಕೊಟ್ಟಳು. "ಮಾವ, ಪೂಜೆ ಮಾಡ್ದೆ ಇದ್ದಾಗ ನಿಮ್ಮ ಮಗ ಎಷ್ಟು ಹಂದಿ ಕೆಡವಿದ್ರು ಅಂತ ಒಂದ್ಸಲ ಎಣಿಸಿ ಹೇಳಿ. ಆಮೇಲೆ ಗಂಧನ ಬೈಯೋರಂತೆ."

ಎಲೆಕ್ಷನ್ ಸೇವೆ

ಎಲೆಕ್ಷನ್ ಬಂತೆಂದರೆ ಊರಿನ ಕೋವಿಗಳೆಲ್ಲ ಪೊಲೀಸ್ ಠಾಣೆಗೆ ಹೋಗಬೇಕು, ರಿಸಲ್ಟು ಬಂದ ಮೇಲೆ ವಾಪಸ್ಸು. ನನ್ನ ಕೋವಿಯನ್ನು ಒಪ್ಪಿಸಿ ಬಂದ ದಿನ ಅಪ್ಪ ಸರಿಯಾಗಿ ಊಟ ಮಾಡಲಿಲ್ಲ. "ಮೋಡ ಆಗದೆ ಕಣೋ. ತ್ಯಾವ ಹಿಡೀತದೆ."

ನನಗೂ ತಡೆಯಲಿಲ್ಲ. ಶನಿವಾರ ಸ್ಕೂಲು ಬಿಟ್ಟ ಮೇಲೆ ಎಣ್ಣೆ ಬಾಟಲಿ, ಬಿಳಿ ಬಟ್ಟೆ ತಗೊಂಡು ಠಾಣೆಗೆ ಹೋಗಿ ಕಾನ್‌ಸ್ಟೇಬಲ್ ಮುಂದೆ ನಿಂತೆ. "ಸಾರ್, ಒಂದೇ ಒಂದ್ಸಲ ಎಣ್ಣೆ ಹಚ್ಚಿ ಹೋಗ್ತೀನಿ."

ಆತ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಕೈದಿಗಳಿಗೆ ಊಟ ತರೋರನ್ನ ನೋಡಿದೀನಿ. ಕೋವಿಗೆ ಎಣ್ಣೆ ತರೋರನ್ನ ಇವತ್ತೇ ನೋಡಿದ್ದು. ಬಾ."

ಹಚ್ಚಿದೆ. ಆದರೆ ಪಕ್ಕದಲ್ಲಿದ್ದ ಕೋವಿಗಳ ಅವಸ್ಥೆ ನೋಡಿ ಕರುಳು ಚುರುಕ್ ಅಂದಿತು. ಒಂದಕ್ಕೆ ಹಚ್ಚಿದೆ, ಇನ್ನೊಂದಕ್ಕೆ ಹಚ್ಚಿದೆ. ಮುಂದಿನ ವಾರ ಲ್ಯಾಬಿನ ಕೊಳವೆ ಉಜ್ಜುವ ಬ್ರಷ್ಷನ್ನೂ ಒಯ್ದೆ. ರಿಸಲ್ಟು ಬರುವ ಹೊತ್ತಿಗೆ ಠಾಣೆಯ ಅಷ್ಟೂ ಕೋವಿಗಳು ಮದುವಣಗಿತ್ತಿಯರ ಹಾಗೆ ಫಳಫಳ ಅನ್ನುತ್ತಿದ್ದವು. ವಾಪಸ್ ತಗೊಳ್ಳಲು ಬಂದವರೆಲ್ಲ ಉಜ್ಜಿದ್ದು ನಾನು ಅಂತ ಗೊತ್ತಿಲ್ಲದೆ ಕಾನ್‌ಸ್ಟೇಬಲ್‌ಗೆ ಕೈಮುಗಿದು ಹೋದರು. ಆತನೂ ಸಂಕೋಚವಿಲ್ಲದೆ ಕೈ ಮುಗಿಸಿಕೊಂಡ.

ಮೂರು ತಿಂಗಳಾಗಿರಬೇಕು. ಠಾಣೆಯ ಮುಂದೆ ಹಾಯುವಾಗ ನೋಡುತ್ತೇನೆ, ರೈತರೊಬ್ಬರು ಕೋವಿ ಹೆಗಲಿಗೇರಿಸಿಕೊಂಡು ಕಾನ್‌ಸ್ಟೇಬಲ್ ಜೊತೆ ವಾದಕ್ಕೆ ನಿಂತಿದ್ದಾರೆ. "ಎಲೆಕ್ಷನ್ ಇಲ್ದೆ ಇದ್ರೇನು ಸ್ವಾಮಿ? ಒಂದು ತಿಂಗ್ಳು ಇಟ್ಕೊಳಿ. ಮತ್ತೆ ತುಕ್ಕು ಹಿಡ್ದದೆ!"

ಸಾಹೇಬರ ಟೀ

ಈಗ ಹೇಳುವುದು ಯಾವ ಊರಿನ ಆಫೀಸಿನಲ್ಲಿ ನಡೆಯಿತು ಅಂತ ಮಾತ್ರ ಕೇಳಬೇಡಿ. ಆ ಸಾಹೇಬರು ಈಗಲೂ ಎಲ್ಲೋ ಟೀ ಕುಡಿಯುತ್ತಿರಬಹುದು.

ಎಂಬತ್ತರ ದಶಕದ ಮಾತು. ಲೈಸೆನ್ಸು ರಿನ್ಯೂ ಮಾಡಿಸುವ ದಿನ. ಹೊಸ ಸಾಹೇಬರು ಬಂದಿದ್ದರು. ಬಹಳ ಶಿಸ್ತಿನವರು. ಕಾಗದ ನೋಡುವುದರ ಜೊತೆಗೆ ಪ್ರತಿ ಕೋವಿಯನ್ನೂ ತಾವೇ ಪರೀಕ್ಷೆ ಮಾಡುತ್ತಿದ್ದರು. ಅದೂ ಹೇಗೆ? ಗಜಕ್ಕೆ ಬಿಳಿ ಬಟ್ಟೆ ಸುತ್ತಿ! ಅದನ್ನು ಕಂಡಾಗ ನನಗಾದ ಸಂತೋಷ ಹೇಳತೀರದು. ನಮ್ಮಪ್ಪನ ಪರೀಕ್ಷೆಯೇ ಸರ್ಕಾರದ ಪರೀಕ್ಷೆ ಆಗಿದೆಯಲ್ಲ ಅಂತ ಸಾಲಿನಲ್ಲಿ ಎದೆ ಸೆಟೆದು ನಿಂತೆ.

ನನ್ನ ಮುಂದಿನವರ ಬಟ್ಟೆ ಇದ್ದಿಲಾಗಿ ಬಂತು. ಪಾಪ, ಇವರ ಕಥೆ ಮುಗಿಯಿತು ಅಂದುಕೊಂಡೆ. ಸಾಹೇಬರು "ಚೆನ್ನಾಗಿ ಉಪಯೋಗಿಸ್ತಿದೀರಿ" ಅಂತ ಸಹಿ ಹಾಕಿದರು.

ನನ್ನ ಸರದಿ. ಬಟ್ಟೆ ಮಲ್ಲಿಗೆಯಾಗಿ ಬಂತು. ಸಾಹೇಬರು ಹುಬ್ಬು ಗಂಟಿಕ್ಕಿದರು. "ಇದನ್ನ ಹೊಡೆದೇ ಇಲ್ಲವಲ್ರೀ?"

"ಹೊಡೀತೀನಿ ಸಾರ್. ಹೊಡೆದು ತೊಳೀತೀನಿ."

"ಎಷ್ಟು ಹಂದಿ ಬಿದ್ದಿವೆ?"

"ಬಿದ್ದಿಲ್ಲ ಸಾರ್. ಓಡಿದಾವೆ."

"ಅಂದ್ರೆ ಷೋಕಿಗೆ ಇಟ್ಕೊಂಡಿದೀರಿ. ಇದು ಬೆಳೆ ರಕ್ಷಣೆ ಲೈಸೆನ್ಸು. ಉಪಯೋಗ ಇಲ್ಲ ಅಂದ್ಮೇಲೆ ಠಾಣೆಗೆ ಒಪ್ಪಿಸಿಬಿಡಿ."

ಠಾಣೆಯ ಮೂಲೆ, ತುಕ್ಕು, ಅಪ್ಪನ ಮುಖ ಎಲ್ಲ ಕಣ್ಣ ಮುಂದೆ ಬಂತು. "ಸಾರ್, ನಮ್ಮಪ್ಪ ಎದೆ ಒಡ್ಕೊಂಡು ಬಿಡ್ತಾರೆ ಸಾರ್" ಅಂದೆ.

ಸಾಹೇಬರು ಕೆಟ್ಟವರಲ್ಲ. ಸ್ವಲ್ಪ ಯೋಚನೆ ಮಾಡಿ ಹೇಳಿದರು. "ಆಯ್ತು. ಊರಾಚೆ ಕೆರೆ ಅಂಗಳಕ್ಕೆ ಹೋಗಿ, ಬರೀ ಮದ್ದು ಹಾಕಿ ಒಂದು ಹೊಡ್ಕೊಂಡು ಬನ್ನಿ. ಊಟ ಆದ್ಮೇಲೆ ಮತ್ತೆ ಬಟ್ಟೆ ಹಾಕಿ ನೋಡ್ತೀನಿ. ಮಸಿ ಬಂದ್ರೆ ಲೈಸೆನ್ಸು, ಇಲ್ಲಾಂದ್ರೆ ಠಾಣೆ."

ಓಡಿದೆ. ಒಂದು ಚಿಟಿಕೆ ಹೆಚ್ಚಿಗೇ ಮದ್ದು ಜಡಿದು ಹೊಡೆದೆ. ಕೆರೆಯ ಬೆಳ್ಳಕ್ಕಿಗಳೆಲ್ಲ ಎದ್ದುಹೋದವು. ಆಹಾ, ಎಂಥ ಸದ್ದು! ಲೈಸೆನ್ಸು ಉಳಿಯಿತು ಅಂತ ಹಗುರಾಗಿ ವಾಪಸ್ ಬಂದೆ. ಸಾಹೇಬರು ಇನ್ನೂ ಊಟದಿಂದ ಬಂದಿರಲಿಲ್ಲ. ಆಫೀಸಿನ ಎದುರು ಟೀ ಅಂಗಡಿಯ ಬೆಂಚಿನ ಮೇಲೆ ಕೂತೆ. ಒಲೆಯ ಮೇಲೆ ನೀರು ಕೊತ ಕೊತ ಅನ್ನುತ್ತಿತ್ತು. ಮೇಲೆ ಮೋಡ. ಮಡಿಲಲ್ಲಿ ಮಸಿ ಹಿಡಿದ ಕೋವಿ.

ಅಂಗಡಿಯವನನ್ನು ಕೇಳಿದೆ, "ಸ್ವಲ್ಪ ಬಿಸಿನೀರು ತಗೊಳ್ಲಾ?"

"ತಗೊಳಿ ಅಣ್ಣ, ನೀರಿಗೇನು" ಅಂದ, ಈರುಳ್ಳಿ ಹೆಚ್ಚುತ್ತಾ.

ಅಲ್ಲೇ ಬೋರಲು ಹಾಕಿದ್ದ ಪಾತ್ರೆಯೊಂದಕ್ಕೆ ನೀರು ಬಗ್ಗಿಸಿ, ನಳಿಗೆಯ ಹಿಂಬದಿಯನ್ನು ಅದರಲ್ಲಿ ಅದ್ದಿ, ಗಜ ಆಡಿಸಿ ಆಡಿಸಿ ಮಸಿಯನ್ನೆಲ್ಲ ಇಳಿಸಿದೆ. ಕೊಳೆತ ಮೊಟ್ಟೆಯ ವಾಸನೆ ಗಮ್ಮೆಂದಿತು. ನೀರು ಚೆಲ್ಲಿ, ಪಾತ್ರೆಯನ್ನು ಗಲಬರಿಸಿ, ಇದ್ದಲ್ಲೇ ಇಟ್ಟೆ. ನಳಿಗೆ ಒರೆಸಿ, ಚೀಲದಿಂದ ಗುಬ್ಬಿಯ ಎಣ್ಣೆ ತೆಗೆದು ಸವರಿದೆ. ಬಟ್ಟೆ ಹಾಕಿ ನೋಡಿದೆ. ಮಲ್ಲಿಗೆ! ಮನಸ್ಸಿಗೆ ಎಷ್ಟು ಸಮಾಧಾನವಾಯಿತು ಅಂದರೆ, ಜವಾನ ಬಂದು ಕರೆದಾಗ ಶಿಳ್ಳೆ ಹಾಕುತ್ತಲೇ ಒಳಗೆ ಹೋದೆ.

ಸಾಹೇಬರು ಬಟ್ಟೆ ಹಾಕಿ ಎಳೆದರು. ಬಿಳಿ. ಆಗ ನನ್ನ ತಲೆಗೆ ಹೊಳೆಯಿತು.

"ಹೊಡೆದ್ರಾ?"

"ಹೊಡೆದೆ ಸಾರ್."

"ಮಸಿ ಎಲ್ರೀ?"

"ತೊಳೆದ್ಬಿಟ್ಟೆ ಸಾರ್."

ಆಫೀಸಿಗೆ ಆಫೀಸೇ ನಕ್ಕಿತು. ಸಾಹೇಬರು ನಗಲಿಲ್ಲ. ನನ್ನ ಕಾಗದ ಮುಂದಕ್ಕೆ ಎಳೆದುಕೊಂಡು ಪೆನ್ನಿನ ಕ್ಯಾಪು ಬಿಚ್ಚಿದರು. ನಾನು ಕಣ್ಣು ಮುಚ್ಚಿಕೊಂಡೆ. ಅಷ್ಟರಲ್ಲಿ ಅಂಗಡಿಯವನು ಟೀ ತಂದಿಟ್ಟ. ಸಾಹೇಬರು ಒಂದು ಗುಟುಕು ಕುಡಿದು, ಕಿಟಕಿಗೆ ಓಡಿ ಉಗಿದು ಬಂದರು. "ಏನಯ್ಯಾ ಇದು? ಕೊಳೆತ ಮೊಟ್ಟೆ ಹಾಕಿದೀಯಾ?"

ಅಂಗಡಿಯವನು ಲೋಟ ಮೂಸಿ ನೋಡಿ ನನ್ನ ಕಡೆ ಕೈ ತೋರಿಸಿದ. "ನಂದೇನಿಲ್ಲ ಸ್ವಾಮಿ! ಈಯಪ್ಪ ಆಗ್ಲೇ ನನ್ನ ಹಾಲಿನ ಪಾತ್ರೇಲಿ ಕೋವಿ ಅದ್ದಿ ಕುಲುಕ್ತಾ ಕೂತಿದ್ರು. ಅದೇನು ಮಸಿ ಅಂತೀರಿ!"

ಸಾಹೇಬರು ಲೋಟ ನೋಡಿದರು, ಕೋವಿ ನೋಡಿದರು, ನನ್ನನ್ನು ನೋಡಿದರು. ಇನ್ನೊಂದು ಸಲ ಬಾಯಿ ಮುಕ್ಕಳಿಸಿ, ಕೂತು, ಸಹಿ ಹಾಕಿದರು. "ಹೊಡೆದಿರೋದು ನಿಜ. ಇದಕ್ಕಿಂತ ಸಾಕ್ಷಿ ನನಗೆ ಬೇಡ. ಮುಂದಿನ ಸಲ ಮಸಿ ಸಮೇತ ಬನ್ನಿ, ಮಾರಾಯರೆ."

ಮನೆಗೆ ಬಂದು ಅಪ್ಪನಿಗೆ ಒಂದೂ ಬಿಡದೆ ಹೇಳಿದೆ. ಅಪ್ಪ ಕೆಮ್ಮು ಬರುವವರೆಗೆ ನಕ್ಕರು. ಆಮೇಲೆ ಬಿಳಿ ಬಟ್ಟೆ ತರಿಸಿಕೊಂಡು, ತಾವೇ ಗಜ ಹಾಕಿ ಎಳೆದು, ಮಂಜುಗಣ್ಣಿನ ಹತ್ತಿರ ಹಿಡಿದು ನೋಡಿದರು. ಬೆಳ್ಳಗಿತ್ತು. ಅವರ ಬಾಯಿಂದ ಜೀವಮಾನದಲ್ಲಿ ಮೊದಲ ಸಲ ಮೆಚ್ಚುಗೆಯ ಮಾತು ಬಂತು. ನನ್ನ ಕಣ್ಣು ತುಂಬಿ ಬಂತು.

"ನಳಿಗೆ ತೊಳ್ಯೋದ್ರಲ್ಲಿ ನನ್ನೇ ಮೀರಿಸ್ಬುಟ್ಟೆ ಕಣ್ಲಾ" ಅಂದರು. ಕೋವಿಯನ್ನು ಗೋಡೆಗೆ ನೇತುಹಾಕಿ, ತಿರುಗಿ ಸೇರಿಸಿದರು. "ಪಾತ್ರೆ ತೊಳ್ಯೋದ ಮಾತ್ರ ನಿನ್ ಹೆಂಡ್ತಿ ತಾವ ಕಲ್ತ್ಕೊ."