ಹಾಲ್ವರ್‌ಗೆ ಮೂವತ್ತು ದಿನದ ಗಡುವು

ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಮರಗೆಲಸ ಕಲಿಸಿದವನು ನಾನು. ಹದಿನಾಲ್ಕು ವರ್ಷದ ಪುಂಡರ ಕೈಗೆ ಗರಗಸ ಕೊಟ್ಟು, ಸಂಜೆ ಅವರ ಹತ್ತೂ ಬೆರಳುಗಳ ಸಮೇತ ಮನೆಗೆ ಕಳಿಸಿದ ಧೀರ! ಅಂಥವನಿಗೆ ಒಂಬತ್ತು ವಾರದ ನಾಯಿಮರಿಗೆ ಎಲ್ಲಿ ಒಂದಕ್ಕೆ ಹೋಗಬೇಕು ಎಂದು ಕಲಿಸುವುದು ಒಂದು ಕೆಲಸವೇ?

"ಒಂದು ವಾರ ಸಾಕು ಕಣೆ," ಎಂದೆ ನನ್ನ ಹೆಂಡತಿ ಮಾರ್ಲಿಸ್‌ಗೆ.

"ಯಾರು ಕಲಿಯೋಕೆ? ನೀನಾ, ನಾಯೀನಾ?" ಎಂದಳು ಅವಳು, ತಲೆ ಎತ್ತದೆ.

ಅವಳು ಓದುತ್ತಿದ್ದದ್ದು ವರ್ನಾ ಕೊಟ್ಟ ಕಾಗದವನ್ನು. ವರ್ನಾ ಎಂದರೆ ಕೆರೆಯಾಚೆ ತನ್ನ ಹೊಲದ ಮನೆಯಲ್ಲಿ ಸ್ಪ್ಯಾನಿಯಲ್ ನಾಯಿಗಳನ್ನು ಸಾಕಿ ಮರಿ ಕೊಡುವವಳು. ಮರಿ ಸರಿಹೋಗದಿದ್ದರೆ ಮೂವತ್ತು ದಿನದೊಳಗೆ ವಾಪಸ್ ಪಡೆಯುತ್ತಾಳೆ. ಮರಿ ಬೇಕೆಂದು ಕಾಯುತ್ತಿರುವವರ ಪಟ್ಟಿಯೇ ಅವಳ ಬಳಿ ಇದೆ. ಮಾರ್ಲಿಸ್ ಆ ಕಾಗದವನ್ನು ಎರಡು ಸಲ ಓದಿ, ಫ್ರಿಜ್ಜಿನ ಬಾಗಿಲಿಗೆ ಮ್ಯಾಗ್ನೆಟ್ ಇಟ್ಟು ಅಂಟಿಸಿದಳು.

"ನೋಡು ಲೋವೆಲ್, ಹೊಸ ಕಾರ್ಪೆಟ್ ಹಾಕಿಸಿ ಎರಡು ತಿಂಗಳಾಗಿಲ್ಲ. ಮೂವತ್ತನೇ ದಿನ ಈ ಮನೆಯೊಳಗೆ ಒಂದು ತೊಟ್ಟು ಒದ್ದೆ ಕಂಡ್ರೂ ನಾನು ಫೋನ್ ಎತ್ಕೋತೀನಿ."

"ಎತ್ಕೋ! ಧಾರಾಳವಾಗಿ ಎತ್ಕೋ!" ಎಂದೆ.

ಹಾಗೆಂದುಬಿಟ್ಟೆ. ಆದರೆ ಅದೇ ಹೊತ್ತಿಗೆ, ಹಾಲ್ವರ್ ಎಂದು ಹೆಸರಿಟ್ಟಿದ್ದ ಆ ಕಂದು-ಬಿಳಿ ಮರಿ ಬಂದು ನನ್ನ ಎಡಪಾದದ ಮೇಲೆ ಗದ್ದವಿಟ್ಟು ನಿದ್ದೆ ಹೋಯಿತು. ನಿವೃತ್ತಿಯಾದ ಮೇಲೆ ಹಗಲೆಲ್ಲ ಮನೆಯಲ್ಲಿ ನಾನೊಬ್ಬನೇ. ಮಾರ್ಲಿಸ್ ಲೈಬ್ರರಿ ಕೆಲಸಕ್ಕೆ ಹೋದರೆ ಸಂಜೆಗೇ ಬರುವುದು. ಬ್ರೆಡ್ಡು ಸುಡುವ ಯಂತ್ರದೊಂದಿಗೆ ಮಾತಾಡುವ ಮಟ್ಟಕ್ಕೆ ಬಂದಿದ್ದೆ. ಈ ಮರಿಯನ್ನು ಕಳೆದುಕೊಂಡರೆ ನನಗೆ ತಡೆಯಲಾಗುವುದಿಲ್ಲ ಎಂದು ಆ ಗಳಿಗೆಯಲ್ಲೇ ಗೊತ್ತಾಯಿತು. ಪಾದ ಜೋಮು ಹಿಡಿದರೂ ಅಲುಗಾಡಿಸಲಿಲ್ಲ.

ಮೊದಲ ಪ್ರಮಾದ ಗೂಡಿನದು. ನಾಯಿ ತಾನು ಮಲಗುವ ಜಾಗವನ್ನು ಕೊಳೆ ಮಾಡುವುದಿಲ್ಲ, ಆದ್ದರಿಂದ ಕ್ರೇಟ್ ಎಂಬ ತಂತಿಯ ಗೂಡಿನಲ್ಲಿ ಇಟ್ಟರೆ ತಡೆದುಕೊಳ್ಳುವುದನ್ನು ಕಲಿಯುತ್ತದೆ ಎಂದು ವರ್ನಾ ಹೇಳಿದ್ದಳು. ಬೆಳೆಯುವ ಮಗುವಿಗೆ ದೊಡ್ಡ ಅಳತೆಯ ಅಂಗಿ ಹೊಲಿಸುವ ಬುದ್ಧಿ ನನ್ನದು. ಅಂಗಡಿಯಲ್ಲಿದ್ದ ಗೂಡುಗಳಲ್ಲೆಲ್ಲ ದೊಡ್ಡದನ್ನು ಹೊತ್ತು ತಂದೆ. ಅದರಲ್ಲಿ ಕರುವನ್ನು ಕಟ್ಟಬಹುದಿತ್ತು! ಹಾಲ್ವರ್ ಒಳಗೆ ಹೋಗಿ ಸುತ್ತಲೂ ನೋಡಿ, ಮನೆಯ ನಕ್ಷೆಯನ್ನು ತಾನೇ ತಯಾರಿಸಿತು. ಬಲಮೂಲೆ ಮಲಗುವ ಕೋಣೆ. ಎಡಮೂಲೆ ಶೌಚಾಲಯ. ನಡುವೆ ಓಡಾಡಲು ಜಗಲಿ.

ವರ್ನಾಗೆ ಫೋನು ಮಾಡಿದೆ.

"ಗೂಡು ಎಷ್ಟು ದೊಡ್ಡದಿದೆ?" ಎಂದಳು.

ಹೇಳಿದೆ.

"ಲೋವೆಲ್, ನೀನು ತಂದಿರೋದು ಕುದುರೇದಾ? ಎದ್ದು ನಿಲ್ಲೋಕೆ, ತಿರುಗೋಕೆ, ಮಲಗೋಕೆ ಎಷ್ಟು ಬೇಕೋ ಅಷ್ಟೇ ಜಾಗ ಇರಬೇಕಪ್ಪ. ನಡುವೆ ಒಂದು ಹಲಗೆ ಹಾಕು. ಆಮೇಲೆ ಎರಡು ಗಂಟೆಗೊಂದು ಸಲ ಹೊರಗೆ ಕರ್ಕೊಂಡ್ಹೋಗು. ಅದು ಕೂತಾಗ ಒಂದೇ ಒಂದು ಮಾತು ಹೇಳು, ದಿನಾ ಅದೇ ಮಾತು. ಆಮೇಲೆ ಆ ಮಾತು ಕೇಳಿದ್ರೆ ಸಾಕು, ತಾನೇ ಕೆಲಸ ಮುಗಿಸುತ್ತೆ."

ಹಲಗೆ! ಮರಗೆಲಸದ ಮೇಷ್ಟರಿಗೆ ಹಲಗೆಯ ಪಾಠವೇ! ಓಕ್ ಮರದ್ದೇ ಕತ್ತರಿಸಿ, ಅಂಚು ನಯ ಮಾಡಿ, ಎರಡು ಸಲ ಬಣ್ಣ ಬಳಿದು ಕೂರಿಸಿದೆ. ಗೂಡು ಚಿಕ್ಕದಾಗಿದ್ದೇ ತಡ, ಶೌಚಾಲಯ ಬಂದ್ ಆಯಿತು. ಊಟವನ್ನೂ ಅಲ್ಲೇ ಬಡಿಸಿದೆ, ಬಾಗಿಲನ್ನು ತೆರೆದೇ ಇಟ್ಟೆ. ವಾರದೊಳಗೆ ಹಾಲ್ವರ್ ಕರೆಯದೆಯೇ ಒಳಗೆ ಹೋಗಿ ಮಲಗತೊಡಗಿತು. ಅದಕ್ಕೆ ಅಲ್ಲಿ ಏನು ಅಷ್ಟು ಹಿತವೋ ನೋಡಬೇಕೆಂದು ನಾನು ನೆಲದ ಮೇಲೆ ಮಲಗಿ ಭುಜದವರೆಗೆ ತಲೆ ತೂರಿಸಿದ್ದಾಗ ಮಾರ್ಲಿಸ್ ಕೆಲಸದಿಂದ ಬಂದಳು.

"ಹಲಗೆ ತೆಗೆದ್ರೆ ಪೂರ್ತಿ ಹಿಡಿಸ್ತೀಯ," ಎಂದು ಹೇಳಿ ಒಳಗೆ ಹೋದಳು.

ಇನ್ನು ಹೊರಗಿನ ಪಾಠ. ನವೆಂಬರಿನ ಹಿಮ ಬಿದ್ದಿತ್ತು. ಮನೆಯ ಮುಂದಿನ ಅಂಗಳದಲ್ಲಿ ಸೇಬಿನ ಮರದವರೆಗೆ ಹಿಮ ಗೋರಿ ಹಾಲ್ವರ್‌ಗೆಂದೇ ರಾಜಮಾರ್ಗ ಮಾಡಿದೆ. ವರ್ನಾ ಹೇಳಿದ ಮಾತಿಗೆ "ಕೆಲಸ ಮುಗಿಸು" ಎಂದು ಆರಿಸಿಕೊಂಡೆ. ಎರಡು ಗಂಟೆಗೊಮ್ಮೆ ಸೇಬಿನ ಮರದಡಿ ನಿಂತು, ಮೂಗು ಕೆಂಪಾಗಿಸಿಕೊಂಡು, "ಕೆಲಸ ಮುಗಿಸು, ಕೆಲಸ ಮುಗಿಸು" ಎಂದು ಮಂತ್ರ ಪಠಿಸುವುದೇ ನನ್ನ ಕಾಯಕವಾಯಿತು. ಪಕ್ಕದ ಮನೆಯ ಡೆಲ್ಮರ್ ಬೇಲಿಯಾಚೆಯಿಂದ, "ನಿವೃತ್ತಿ ಆದ್ಮೇಲೂ ಯಾರಿಗೆ ಮಾರಾಯಾ ಕೆಲಸ ಹೇಳ್ತಿದ್ದೀಯ?" ಎಂದು ಕೂಗಿದ. ಹಾಲ್ವರ್ ಮಾತ್ರ ನನ್ನ ಮಂತ್ರಕ್ಕೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ತನಗೆ ಬೇಕೆನಿಸಿದಾಗ ಕೂರುತ್ತಿತ್ತು, ಏಳುತ್ತಿತ್ತು. ನಾನು ಚಪ್ಪಾಳೆ ತಟ್ಟಿ ತಿಂಡಿ ಕೊಡುತ್ತಿದ್ದೆ.

ಹನ್ನೆರಡನೇ ದಿನ ವಿಚಿತ್ರ ಶುರುವಾಯಿತು. ನಾನಿನ್ನೂ ಕುರ್ಚಿಯಿಂದ ಎದ್ದೇ ಇಲ್ಲ. ಹಾಲ್ವರ್ ಆಗಲೇ ಗೂಡಿನಿಂದ ನೆಗೆದು ಮುಂಬಾಗಿಲಿಗೆ ಹೋಗಿ ಕೂತುಬಿಟ್ಟಿತ್ತು! ಮಾರನೇ ದಿನವೂ ಅಷ್ಟೇ. ಹೊರಗೆ ಹೋಗುವ ಹೊತ್ತಾಯಿತೆಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ? ನನಗೆ ಕುತೂಹಲದ ಹುಚ್ಚು ಹಿಡಿಯಿತು. ಒಂದು ನೋಟ್‌ಬುಕ್ ತೆರೆದೆ.

ಗಡಿಯಾರದ ಟಿಕ್ ಟಿಕ್ ಎಣಿಸುತ್ತಿರಬಹುದೆ? ಗೋಡೆ ಗಡಿಯಾರದ ಬ್ಯಾಟರಿ ತೆಗೆದೆ. ಓಡಿತು. ಸರಪಳಿಯ ಸದ್ದೆ? ಅದನ್ನು ಕಾಲುಚೀಲದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ. ಓಡಿತು. ನನ್ನ ಕಣ್ಣು ನೋಡುತ್ತಿದೆಯೆ? ಮಾರ್ಲಿಸಳ ತೋಟದ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಕೂತೆ; ಹೊತ್ತಾದಾಗ ಎಂದಿನಂತೆ ಎರಡೂ ತೊಡೆಯ ಮೇಲೆ ಫಟ್ ಎಂದು ಹೊಡೆದು, "ಸರಿ ಹಾಗಾದ್ರೆ!" ಎಂದು ಏಳಹೋದೆ. ಏಳುವಷ್ಟರಲ್ಲಿ ಅದು ಬಾಗಿಲಲ್ಲಿತ್ತು.

"ಮಾರ್ಲಿಸ್, ಇದು ಮನಸ್ಸು ಓದುತ್ತೆ!"

"ಹೌದಾ?" ಎಂದಳು. ಅವಳ ತುಟಿಯಂಚಿನಲ್ಲಿ ಏನೋ ಒಂದು ಮಿಂಚಿ ಮರೆಯಾಯಿತು. ಮೆಚ್ಚುಗೆ ಇರಬೇಕು ಎಂದುಕೊಂಡೆ.

ಊರಿನ ಗೆಳೆಯರ ಬೆಳಗಿನ ಕಾಫಿ ಗುಂಪಿನಲ್ಲಿ ಸುದ್ದಿ ಹಬ್ಬಿಸಿದೆ. ಹದಿನೈದನೇ ದಿನದಿಂದ ಕಾರ್ಪೆಟ್ಟಿನ ಮೇಲೆ ಒಂದು ತೊಟ್ಟೂ ಬಿದ್ದಿಲ್ಲ ಎಂದು ಸಾರಿದೆ. ಊರಿನ ನಾಯಿಗಳನ್ನೆಲ್ಲ ತಿದ್ದಲು ಒಂದು ತರಗತಿ ತೆರೆಯುವ ಮಾತನ್ನೂ ತೇಲಿಬಿಟ್ಟೆ.

ಮೂವತ್ತನೇ ದಿನ ಬಂತು. ಶನಿವಾರ, ಮಾರ್ಲಿಸ್ ಮನೆಯಲ್ಲೇ ಇದ್ದಳು. ಮಧ್ಯಾಹ್ನ ಮೂರಕ್ಕೆ ನಮ್ಮ ಚರ್ಚಿನ ಪಾದ್ರಿ ಥಾರ್ಸನ್ ಬಂದರು. ಚರ್ಚಿನ ಎರಡು ಬೆಂಚುಗಳ ಕಾಲು ಅಲುಗಾಡುತ್ತಿದ್ದವು, ನನ್ನಿಂದ ರಿಪೇರಿ ಮಾಡಿಸಬೇಕಿತ್ತು. ಎಲ್ಲರಂತೆ ಹಿಮದ ಬೂಟುಗಳನ್ನು ಕರಗಿದ ಹಿಮ ನೆಲಕ್ಕೆ ಹರಿಯದಂತೆ ಬಾಗಿಲ ಬಳಿ ಇಟ್ಟಿದ್ದ ಅಗಲವಾದ ತಟ್ಟೆಯಲ್ಲಿ ಬಿಚ್ಚಿಟ್ಟು, ಕಾಲುಚೀಲದಲ್ಲಿ ಒಳಗೆ ಬಂದು ಕೂತರು. ಮಾರ್ಲಿಸ್ ಕಾಫಿ ಕೊಟ್ಟಳು, ನಿಂಬೆಹಣ್ಣಿನ ಸಿಹಿ ಕೊಟ್ಟಳು. ಹಾಲ್ವರ್ ಗೂಡಿನಲ್ಲಿ ಸಂತನ ಹಾಗೆ ಮಲಗಿತ್ತು. ಬೆಂಚಿನ ವಿಷಯ ಹತ್ತು ನಿಮಿಷದಲ್ಲಿ ಮುಗಿಯಿತು.

ಪಾದ್ರಿಗಳು ಎರಡೂ ತೊಡೆಯ ಮೇಲೆ ಫಟ್ ಎಂದು ಹೊಡೆದುಕೊಂಡರು. "ಸರಿ ಹಾಗಾದ್ರೆ! ನಾನಿನ್ನು ಹೊರಡ್ತೀನಿ."

ಹಾಲ್ವರ್ ಬಾಣದಂತೆ ಬಾಗಿಲಿಗೆ ಹೋಗಿ ಕೂತಿತು.

ನಮ್ಮ ಮಿನೆಸೋಟ ಸೀಮೆಯಲ್ಲಿ ತೊಡೆ ತಟ್ಟಿ 'ಸರಿ ಹಾಗಾದ್ರೆ' ಎಂದ ಕೂಡಲೇ ಎದ್ದು ಹೋಗುವವನು ಒಂದೋ ಹೊರಗಿನವನು, ಇಲ್ಲವೇ ಮನೆಗೆ ಬೆಂಕಿ ಬಿದ್ದವನು. ಅದು ಅರ್ಧ ಆಟ ಮುಗಿಯಿತೆಂದು ತಿಳಿಸುವ ಸೀಟಿ, ಅಷ್ಟೇ.

"ಇಷ್ಟು ಬೇಗ ಏನು ಪಾದ್ರಿಗಳೇ!" ಎಂದೆ. "ಅಲ್ಲಿ ನೋಡಿ, ನಿಮ್ಮನ್ನ ಬೀಳ್ಕೊಡೋಕೆ ಆಗಲೇ ಬಾಗಿಲಿಗೆ ಹೋಗಿ ಕೂತಿದೆ. ಮನಸ್ಸು ಓದುತ್ತೆ ಇದು!"

"ಎಂಥ ಸಂಸ್ಕಾರ!" ಎಂದರು ಪಾದ್ರಿಗಳು. ಮಾರ್ಲಿಸ್ ಇನ್ನೊಂದು ಲೋಟ ಕಾಫಿ ಬಗ್ಗಿಸಲೇಬೇಕಾಯಿತು. ಚರ್ಚಿನ ಸೂರಿನ ಸೋರಿಕೆಯ ಮಾತು ಬಂತು. ಹತ್ತು ನಿಮಿಷ. ಮತ್ತೆ ಫಟ್! "ಸರಿ ಹಾಗಾದ್ರೆ!" ಹಾಲ್ವರ್ ಓಡಿ ಬಂದು ನನ್ನ ಮುಖ ನೋಡಿತು, ಮತ್ತೆ ಬಾಗಿಲಿಗೆ ಓಡಿತು. ಕುಂಯ್ ಎಂದಿತು.

"ಲೋವೆಲ್..." ಎಂದಳು ಮಾರ್ಲಿಸ್.

"ಸುಮ್ನಿರು, ಅತಿಥಿಗಳು ಹೊರಡುವಾಗ ನಾನು ನಾಯಿ ಹಿಂದೆ ಹೋದ್ರೆ ಏನು ಚೆಂದ?" ಎಂದು ಪಿಸುಗುಟ್ಟಿದೆ.

ಪಾದ್ರಿಗಳು ಎದ್ದರು. ಎದ್ದು ನಿಂತು ಆಡುವ ಮಾತುಗಳೇ ಬೇರೆ ಇರುತ್ತವಲ್ಲ, ಅವೆಲ್ಲ ಆದವು. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ಯಾವ ರಸ್ತೆಯಲ್ಲಿ ಮನೆಗೆ ಹೋಗುತ್ತಾರೆ, ಯಾವ ತಿರುವಿನಲ್ಲಿ ಜಿಂಕೆ ಅಡ್ಡ ಬರುತ್ತವೆ ಎಂದು ಬಣ್ಣಿಸತೊಡಗಿದರು. ಅವರ ಕಾಲ ಬಳಿ ಹಾಲ್ವರ್ ಬಾಗಿಲನ್ನು ನೋಡಿತು, ಹಿಡಿಯನ್ನು ನೋಡಿತು, ನನ್ನನ್ನು ನೋಡಿತು. ಹಿಡಿ ತಿರುಗಲಿಲ್ಲ.

"ಹೂಂ, ಸರಿ ಹಾಗಾದ್ರೆ!" ಎಂದು ಪಾದ್ರಿಗಳು ಮೂರನೇ ಸಲ ತೊಡೆ ತಟ್ಟಿದರು.

ಪಾಪ, ಆ ಜೀವ ಇನ್ನೆಷ್ಟು ತಡೆದೀತು! ಆದರೂ ಕಾರ್ಪೆಟ್ಟಿನ ಮೇಲೆ ಹೋಗಲಿಲ್ಲ. ತಟ್ಟೆಯಲ್ಲಿ ಮಗ್ಗುಲಾಗಿ ಬಿದ್ದಿದ್ದ ಪಾದ್ರಿಗಳ ಬೂಟಿನ ಬಾಯಿಗೆ ಹಿಂಬದಿಯನ್ನು ನೇರವಾಗಿಟ್ಟು ಕೂತು, ಧ್ಯಾನಸ್ಥವಾಗಿ, ಕೆಲಸ ಮುಗಿಸಿತು. ನಾನು ಕಂಡೆ. ಮಾರ್ಲಿಸ್ ಕಂಡಳು. ನಾನು ಬೂಟಿಗೆ ಕೈ ಚಾಚುವಷ್ಟರಲ್ಲಿ ಪಾದ್ರಿಗಳು ಜಿಂಕೆಯ ಮಾತಾಡುತ್ತಲೇ ಬೂಟು ನೆಟ್ಟಗೆ ಮಾಡಿ ಕಾಲು ತೂರಿಸಿದರು.

"ಅರೆ! ಬೂಟು ಬೆಚ್ಚಗಿದೆಯಲ್ಲ ಲೋವೆಲ್! ಹೀಟರ್ ಹತ್ರ ಇಟ್ಟಿದ್ಯಾ?"

ಪಾದ್ರಿಗಳ ಮುಖದಲ್ಲಿ ಮೊದಲು ಕೃತಜ್ಞತೆ, ಆಮೇಲೆ ಸಂಶಯ, ಆಮೇಲೆ ಸಂಪೂರ್ಣ ಜ್ಞಾನೋದಯ. "ಪರವಾಗಿಲ್ಲ," ಎಂದರು. "ಏನೂ ಪರವಾಗಿಲ್ಲ." ಪಚಕ್, ಪಚಕ್ ಎಂದು ಸದ್ದು ಮಾಡುತ್ತ ಮೆಟ್ಟಿಲಿಳಿದರು. ನಮ್ಮ ಊರಿನ ಇತಿಹಾಸದಲ್ಲಿ ಅಷ್ಟು ಬೇಗ ಹೊರಟ ಅತಿಥಿ ಮತ್ತೊಬ್ಬನಿಲ್ಲ!

ಬಾಗಿಲು ಹಾಕಿಕೊಂಡಿತು. ನಾನು ಹಾಲ್ವರ್ ಅನ್ನು ಎತ್ತಿಕೊಂಡೆ. ಅದರ ಎದೆ ನನ್ನ ಅಂಗೈಯಲ್ಲಿ ಡಬಡಬ ಹೊಡೆದುಕೊಳ್ಳುತ್ತಿತ್ತು. ನನ್ನದು ಅದಕ್ಕಿಂತ ಜೋರಾಗಿ.

"ಕಾರ್ಪೆಟ್ ಒಣಗೇ ಇದೆ ಮಾರ್ಲಿಸ್! ಬೂಟಿನ ಒಳಗಾಗಿದ್ದು ಮನೆಯ ಒಳಗೆ ಅಂತ ಲೆಕ್ಕಕ್ಕೆ ಬರುತ್ತಾ, ನೀನೇ ಹೇಳು..."

"ಅದಕ್ಕೆ ನಿನ್ನ 'ಕೆಲಸ ಮುಗಿಸು' ಗೊತ್ತಿಲ್ಲ ಲೋವೆಲ್. ಅದು ಕಲಿತಿರೋದು ತೊಡೆ ತಟ್ಟೋದನ್ನ. ದಿನಕ್ಕೆ ಎಂಟು ಸಲ ನೀನು ತೊಡೆ ತಟ್ಟಿ 'ಸರಿ ಹಾಗಾದ್ರೆ' ಅಂತ ಎದ್ದು ಬಾಗಿಲು ತೆಗೀತೀಯ."

"ನಿನಗೆ ಮೊದಲೇ ಗೊತ್ತಿತ್ತಾ?"

"ಎರಡು ವಾರದಿಂದ."

"ಮತ್ತೆ ಹೇಳಲಿಲ್ಲ?"

"ನೀನು ನನ್ನ ಟೋಪಿ ಹಾಕ್ಕೊಂಡು ಸಂಶೋಧನೆ ಮಾಡ್ತಿದ್ದೆ. ಯಾಕೆ ಅಡ್ಡಿ ಮಾಡ್ಲಿ?"

ಹೀಗೆ ಹೇಳಿ ಫೋನು ತೆಗೆದುಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಗೂಡಿನ ಪಕ್ಕ ನೆಲದ ಮೇಲೆ ಕೂತೆ. ಅರವತ್ತೆರಡು ವರ್ಷದ ಗಂಡಸು, ನಾಯಿಮರಿಯ ಕಿವಿಯಲ್ಲಿ ಮುಖವಿಟ್ಟು ಕಣ್ಣು ಒರೆಸಿಕೊಂಡೆ. ಅದರ ತಪ್ಪೇನಿತ್ತು? ಇಪ್ಪತ್ತೈದು ನಿಮಿಷ ಬಾಗಿಲಲ್ಲಿ ಕೂತು ಮರ್ಯಾದೆಯಿಂದ ಕೇಳಿತು. ಹೊರಡುತ್ತೇನೆ ಎಂದು ಹೇಳಿ ಹೊರಡದೆ ಇದ್ದವರು ನಾವು. ತರಗತಿ ತೆರೆಯಹೊರಟಿದ್ದ ಮೇಷ್ಟರಿಗೆ ತಾನು ಕಲಿಸಿದ್ದೇನು ಎಂಬುದೇ ತಿಳಿದಿರಲಿಲ್ಲ!

ಬಾಗಿಲು ತೆರೆಯಿತು.

"ವರ್ನಾ ಏನಂದ್ಲು?" ಎಂದೆ.

"ವರ್ನಾಗೆ ಮಾಡಲಿಲ್ಲ. ನಿಮ್ಮಮ್ಮನಿಗೆ ಮಾಡ್ದೆ."

"ನಮ್ಮಮ್ಮನಿಗಾ? ಯಾಕೆ?"

"ಬಂದವರು ಹೊರಡ್ತೀನಿ ಅಂದ್ಮೇಲೆ ಅವರನ್ನ ಹೊರಡಿಸೋಕೆ ಮೂವತ್ತಾರು ವರ್ಷದಿಂದ ನಿನ್ನ ಕೈಲಿ ಆಗಿಲ್ಲ. ನಾನು ಬಾಗಿಲಲ್ಲಿ ನಿಂತು ನಿಂತು ಕಾಲು ಸವೀತು. ಇದು ಮೂವತ್ತೇ ದಿನದಲ್ಲಿ ಸಾಧಿಸ್ತು. ಅದಕ್ಕೇ, ಒಬ್ಬರನ್ನ ವಾಪಸ್ ಕಳಿಸೋದಾದ್ರೆ ನಿನ್ನನ್ನೇ ಕಳಿಸೋಣ ಅಂತ ಕೇಳ್ದೆ."

"ಅಮ್ಮ ಏನಂದ್ಲು?"

ಮಾರ್ಲಿಸ್ ಹಾಲ್ವರ್ ಅನ್ನು ನನ್ನ ಕೈಯಿಂದ ಎತ್ತಿಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು.

"'ನಾಯಿ ಆದ್ರೆ ಇವತ್ತೇ ಕಳಿಸಮ್ಮ. ಅವನು ಬೇಡ' ಅಂದ್ರು."