ತಿಪ್ಪೆ ಮೂಲೆಯ ದೇವರು

ರೇಷ್ಮೆ ನೂಲು ತೆಗೆಯುವ ಊರಾದ ವಿಜಯಪುರದ ಒಂದು ಬೀದಿಯ ತುದಿಯ ತಿಪ್ಪೆಯನ್ನು ಬಳಿದು, ಸಂಜೆ ನಾಲ್ಕಕ್ಕೆ ಚೊಕ್ಕಟವಾಗಿ ತೋರಿಸಿದರೆ ಮಾತ್ರ ಬಿ.ಕಾಂ. ಹುಡುಗ ಕೆಂಪರಾಜನ ಎನ್ನೆಸ್ಸೆಸ್ ಪುಸ್ತಕಕ್ಕೆ ಕಾಲೇಜಿನ ಆದಿನಾರಾಯಣಪ್ಪ ಸರ್ ಸಹಿ. ಅಂದೇ ಕೊನೆಯ ದಿನ, ಸಹಿಯಿಲ್ಲದಿದ್ದರೆ ಸರ್ಟಿಫಿಕೇಟಿಲ್ಲ. ಜೊತೆಗೆ ಬಂದಿದ್ದ ಮೂವರು ಗೆಳೆಯರು ಪೊರಕೆ ಹಿಡಿದು ಸೆಲ್ಫಿ ತೆಗೆದುಕೊಂಡವರೇ ಮಾಯವಾಗಿದ್ದರು.

ಬೇಯಿಸಿದ ರೇಷ್ಮೆಹುಳದ ನಾತಕ್ಕೆ ಮೂಗು ಕಟ್ಟಿಕೊಂಡು ಒಬ್ಬನೇ ಬಾಚಿ ಬಾಚಿ, ಹತ್ತು ಗಂಟೆಗೆ ನೆಲದ ಮುಖ ಕಂಡ. ಬೆವರು ಒರೆಸಿಕೊಳ್ಳುವಷ್ಟರಲ್ಲಿ ಎದುರು ಮನೆಯ ದ್ಯಾವಮ್ಮ ಬಂದು ಕಸದ ಬಕೆಟ್ಟು ಬೋರಲು ಹಾಕಿದಳು.

“ಅಜ್ಜೀ, ಈಗ್ತಾನೆ ಗುಡಿಸಿದೀನಿ!”

“ಅದಕ್ಕೇ ಕಣಪ್ಪ. ಜಾಗ ಖಾಲಿ ಆಯ್ತಲ್ಲಾ ಅಂತ ತಂದೆ.”

ಸೈಕಲ್ ಶಾಪಿನ ಗಂಗಣ್ಣ ಟ್ಯೂಬನ್ನು ನೀರಿಗದ್ದುತ್ತಾ ನಕ್ಕ. “ಬೋರ್ಡ್ ನೆಟ್ರೆ ಬೋರ್ಡಿಗೇ ಕವರ್ ನೇತಾಕೋ ಜನ ಗುರು ಇವ್ರು. ದೇವ್ರಿಗೊಂದೇ ಹೆದ್ರೋದು. ಒಂದು ಕಲ್ಲಿಟ್ಟು ಅರಿಶಿನ ಕುಂಕುಮ ಬಳಿ.”

ಕೆಂಪರಾಜ ಬಳಿದ. ಕವರ್ ಬೀಸಿಕೊಂಡು ಬಂದವರು ಕಲ್ಲು ಕಂಡು, ಚಪ್ಪಲಿ ಬಿಟ್ಟು ಕೈಮುಗಿದು, ಪಕ್ಕದ ಬೀದಿಗೆ ನಡೆದರು. ನೆಮ್ಮದಿಯಾಗಿ ಊಟಕ್ಕೆ ಹೋದ.

ತಿರುಗಿ ಬಂದರೆ ಕಲ್ಲೇ ಕಾಣದು! ಒಡೆದ ದೇವರ ಪಟಗಳು, ಬಾಡಿದ ಹಾರ, ತೆಂಗಿನ ಚಿಪ್ಪು, ನಿವಾಳಿಸಿದ ನಿಂಬೆಹಣ್ಣು, ಕೊಳೆತ ಬೂದುಗುಂಬಳ. ತಿಪ್ಪೆ ಮದುವೆ ಹೆಣ್ಣಿನಂತೆ ಸಿಂಗರಿಸಿಕೊಂಡು ಕೂತಿತ್ತು.

ಪೊರಕೆ ಎತ್ತಿದ್ದೇ ತಡ, ದ್ಯಾವಮ್ಮ ಅಡ್ಡ ಬಂದಳು. “ಲೇ, ದೇವ್ರಿಗೆ ಪೊರಕೆ ತಾಗುಸ್ತೀಯೇನೋ!”

“ಯಾವ್ ದೇವ್ರು ಅಜ್ಜಿ? ನಾನೇ ಬೆಳಿಗ್ಗೆ ಮೋರಿಯಿಂದ ಎತ್ತಿಟ್ಟ ಕಲ್ಲು!”

“ಮೋರೀಲಿ ಸಿಕ್ತಾ? ಹಂಗಾದ್ರೆ ಉದ್ಭವ ಮೂರ್ತಿ!” ದ್ಯಾವಮ್ಮ ಗಲ್ಲ ಬಡಿದುಕೊಂಡಳು.

“ಹೆದ್ರುತಾರೆ ಅಂತ ನಾನ್ ಹೇಳ್ಲಿಲ್ವಾ?” ಎಂದ ಗಂಗಣ್ಣ.

ನಾಲ್ಕಕ್ಕೆ ಸರಿಯಾಗಿ ಆದಿನಾರಾಯಣಪ್ಪ ಸರ್ ಕಾರಿನಿಂದಿಳಿದರು. ಕೆಂಪರಾಜ ಪುಸ್ತಕ ಚಾಚಿಕೊಂಡೇ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದ. ಅವರು ರಾಶಿಯ ಮುಂದೆ ಬಂದು ನಿಂತರು. ಚಪ್ಪಲಿ ಬಿಟ್ಟರು. ಡಿಕ್ಕಿ ತೆರೆದು ಗಾಜೊಡೆದ ಎರಡು ಪಟ ತಂದು ರಾಶಿಯ ನೆತ್ತಿಗೆ ಒರಗಿಸಿ ಕೈಮುಗಿದರು.

“ಒಡೆದ ಪಟ ಮನೇಲಿಡಬಾರ್ದು ಅಂತ ನಮ್ಮನೆಯವ್ರು ತಿಂಗಳಿಂದ ಪ್ರಾಣ ತಿಂತಿದ್ರಪ್ಪ. ಪುಣ್ಯದ ಕೆಲಸ ಮಾಡ್ದೆ.”

ಅವರು ಜೇಬಿನಿಂದ ಪೆನ್ನು ತೆಗೆದಾಗ ಕೆಂಪರಾಜನಿಗೆ ಹೋದ ಜೀವ ಬಂದಂತಾಯಿತು.

ಸರ್ ರಾಶಿಯನ್ನೊಮ್ಮೆ ಮೇಲಿಂದ ಕೆಳಕ್ಕೆ ನೋಡಿ, ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿಕೊಂಡರು.

“ಆದ್ರೆ ಕ್ಲೀನ್ ಮಾಡಿದಾನೆ ಅಂತ ಹೆಂಗೋ ಸಹಿ ಹಾಕ್ಲಿ? ಇಷ್ಟೊಂದು ಗಲೀಜಿದೆಯಲ್ಲೋ!”